ಸಲಕರಣೆ ಯಾರ ಅಳತೆಗೆ?

ವಿಕಲಚೇತನರಿಗೆ ಸಾಧನ ಸಲಕರಣೆ ವಿತರಿಸುವ ಸಮಾರಂಭಗಳು ರಾಜ್ಯದ ಎಲ್ಲೆಡೆ ನಡೆಯುತ್ತವೆ. ಶಾಮಿಯಾನದ ಕೆಳಗೆ ತ್ರಿಚಕ್ರ ಸೈಕಲ್‌ಗಳ ಸಾಲು, ವೇದಿಕೆಯ ಮೇಲೆ ಗಣ್ಯರ ಸಾಲು, ಮರುದಿನದ ಪತ್ರಿಕೆಯಲ್ಲಿ ಫಲಾನುಭವಿಗಳ ಸಂಖ್ಯೆ. ಆ ಸೈಕಲ್ ಒಂದು ವರ್ಷದ ಅನಂತರ ಯಾವ ಸ್ಥಿತಿಯಲ್ಲಿದೆ ಎಂಬ ಪ್ರಶ್ನೆಗೆ ನಾನು ಕಂಡ ಪ್ರಗತಿ ವರದಿಗಳಲ್ಲಿ ಕಾಲಂ ಇರಲಿಲ್ಲ.

ಸೇವಾವಧಿಯಲ್ಲಿ ಬೀದರ್ ಜಿಲ್ಲೆಯ ಬಸವಕಲ್ಯಾಣ ಹಾಗೂ ಹುಮನಾಬಾದ್ ತಾಲ್ಲೂಕುಗಳಲ್ಲಿ ಓಡಾಡಿದ ನನಗೆ ಈ ಪ್ರಶ್ನೆಯ ಉತ್ತರ ಅನೇಕ ಮನೆಗಳ ಹಿತ್ತಿಲಲ್ಲಿ ದೊರೆತಿದೆ. ತೊಗರಿ ಚೀಲ ಹೊತ್ತು ಮೂಲೆಯಲ್ಲಿ ನಿಂತ ಗಾಲಿಕುರ್ಚಿಗಳನ್ನು ಕಂಡಿದ್ದೇನೆ. ಇದಕ್ಕೆ ಫಲಾನುಭವಿಯ ಉದಾಸೀನ ಕಾರಣವೆಂದು ಭಾವಿಸಲಾಗದು. ಆಸ್ಪತ್ರೆಯ ನುಣುಪು ನೆಲಕ್ಕೆಂದು ತಯಾರಾದ ಕುರ್ಚಿಯ ಸಣ್ಣ ಮುಂಗಾಲಿ ಮಳೆಗಾಲದಲ್ಲಿ ಕಪ್ಪು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣಿನ ಬಿರುಕಿಗೆ ಸಿಲುಕುತ್ತದೆ. ಮನೆಯ ಹೊಸ್ತಿಲು ಎತ್ತರ, ಶೌಚಾಲಯದ ಬಾಗಿಲು ಕಿರಿದು.

ಹುಮನಾಬಾದ್ ಸಮೀಪದ ಹಳ್ಳಿಯೊಂದರ ಯುವಕನೊಬ್ಬ ತನಗೆ ದೊರೆತ ತ್ರಿಚಕ್ರ ಸೈಕಲನ್ನು ಹೆದ್ದಾರಿ ಬದಿಯ ವೆಲ್ಡಿಂಗ್ ಅಂಗಡಿಗೆ ಒಯ್ದು, ಕೈಪೆಡಲನ್ನು ಎಡದಿಂದ ಬಲಕ್ಕೆ ಬದಲಾಯಿಸಿಕೊಂಡಿದ್ದ. ಸೀಟಿನ ಹಿಂದೆ ಕಬ್ಬಿಣದ ಪೆಟ್ಟಿಗೆ ಕೂರಿಸಿಕೊಂಡು ಸಂತೆಯಿಂದ ಸಂತೆಗೆ ಸಾಮಾನು ಮಾರುತ್ತಿದ್ದ. ಅವನಿಗೆ ಶಕ್ತಿಯಿದ್ದುದು ಬಲಗೈಯಲ್ಲಿ. ಅದನ್ನು ಶಿಬಿರದಲ್ಲಿ ಯಾರೂ ಕೇಳಿರಲಿಲ್ಲ. ವೆಲ್ಡಿಂಗ್ ಅಂಗಡಿಯವನು ಕೇಳಿದ್ದ.

ಇದರ ಹಿಂದಿನ ಅರ್ಥಶಾಸ್ತ್ರ ಸರಳ. ಚಪ್ಪಲಿ ಕೊಳ್ಳುವವನು ಕಾಲಿಗೆ ತೊಟ್ಟು ನೋಡುತ್ತಾನೆ, ಕಚ್ಚಿದರೆ ಬೇರೆ ಅಂಗಡಿಗೆ ಹೋಗುತ್ತಾನೆ. ತಯಾರಕನಿಗೆ ಅದೇ ಪಾಠ. ಸಲಕರಣೆಯ ವಿಚಾರದಲ್ಲಿ ಹಣ ಕೊಡುವವರು ಒಬ್ಬರು, ಆರಿಸುವವರು ಇನ್ನೊಬ್ಬರು, ಬಳಸುವವರು ಮತ್ತೊಬ್ಬರು. ಹೀಗಾಗಿ ಬಳಸುವವನ ಅತೃಪ್ತಿ ತಯಾರಕನ ಕಿವಿಗೆ ಬೀಳುವುದೇ ಇಲ್ಲ. 10 ಸಾವಿರ ರೂಪಾಯಿಯ ಸಾಧನ ಐದು ವರ್ಷ ಬಾಳಿದರೆ ವರ್ಷಕ್ಕೆ ತಗಲುವ ವೆಚ್ಚ 2 ಸಾವಿರ. 6 ಸಾವಿರದ ಸಾಧನ ಒಂದೇ ಮಳೆಗಾಲಕ್ಕೆ ಮೂಲೆ ಸೇರಿದರೆ ಅದೇ ದುಬಾರಿ. ಕನಿಷ್ಠ ದರವನ್ನಷ್ಟೇ ನೋಡುವ ಟೆಂಡರ್‌ಗೆ ಈ ಲೆಕ್ಕ ಕಾಣಿಸದು.

ಬಳಸುವವರನ್ನು ಕೇಳಿ ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಮೇಲ್ಪಂಕ್ತಿಯಿದೆ. 1960ರ ದಶಕದಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕಾಲು ಕಳೆದುಕೊಂಡವರಿಗೆ ನೀಡುತ್ತಿದ್ದ ವಿದೇಶಿ ಮಾದರಿಯ ಪಾದ, ಬೂಟು ಧರಿಸಿ ಕುರ್ಚಿಯ ಮೇಲೆ ಕೂರುವವರಿಗೆ ಹೊಂದುವಂಥದು. ನಮ್ಮ ರೈತ ಬರಿಗಾಲಲ್ಲಿ ಕೆಸರಿನಲ್ಲಿ ನಡೆಯಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಿ ಉಣ್ಣಬೇಕು. ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ತಜ್ಞ ಡಾ. ಪಿ.ಕೆ. ಸೇಥಿ ಈ ಅಗತ್ಯಗಳನ್ನೇ ಮುಂದಿಟ್ಟುಕೊಂಡು ರಬ್ಬರಿನಿಂದ ‘ಜೈಪುರ ಪಾದ’ವನ್ನು ರೂಪಿಸಿದರು. 1975ರಲ್ಲಿ ಐಎಎಸ್ ಅಧಿಕಾರಿ ಡಿ.ಆರ್. ಮೆಹ್ತಾ ಸ್ಥಾಪಿಸಿದ ಸಂಸ್ಥೆ ಅದನ್ನು ಬಡವರಿಗೆ ಉಚಿತವಾಗಿ ತಲುಪಿಸಿತು.

ವಿಕಲಚೇತನರೇ ಮುಂದಾಳುಗಳಾದ ನಿದರ್ಶನಗಳೂ ಇವೆ. ಸ್ವತಃ ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಎಪಿಡಿ’ ಸಂಸ್ಥೆ ಇಂದಿಗೂ ದುಡಿಯುತ್ತಿದೆ. ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶ ‘ಎನ್‌ವಿಡಿಎ’ಯನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಅಂಧರು. ಅದು ಕನ್ನಡವನ್ನೂ ಓದಬಲ್ಲದು. ಆದರೆ ಕಡತವು ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ್ದು ಕಣ್ಣಿಗೆ ಕನ್ನಡವಾದರೂ ಗಣಕಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಧ ನೌಕರನೊಬ್ಬ ತನ್ನ ಕಚೇರಿಯ ಆದೇಶವನ್ನು ತಾನೇ ಓದುವಂತಾಗಲು ಬೇಕಾದುದು ಟೈಪಿಸುವವರ ಒಂದು ಅಭ್ಯಾಸದ ಬದಲಾವಣೆ ಮಾತ್ರ.

2007ರಲ್ಲಿ ಭಾರತ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ ನಾಲ್ಕನೆಯ ವಿಧಿ, ವಿಕಲಚೇತನರಿಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅವರೊಡನೆ ಸಮಾಲೋಚಿಸಲೇಬೇಕೆಂದು ಹೇಳುತ್ತದೆ. 1995ರ ಕಾಯ್ದೆ ಗುರುತಿಸಿದ್ದ ವೈಕಲ್ಯಗಳು 7. 2016ರ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿತು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರಿದ್ದರು. ಇಷ್ಟು ಬಗೆಯ, ಇಷ್ಟು ಜನರ ಅಗತ್ಯಕ್ಕೆ ನಾಲ್ಕಾರು ಸಿದ್ಧ ಮಾದರಿಗಳು ಸಾಲುವುದಿಲ್ಲ.

ಪ್ರತಿಯೊಬ್ಬರನ್ನೂ ಕೇಳುತ್ತ ಕುಳಿತರೆ ವಿಳಂಬವಾಗುತ್ತದೆ, ವೆಚ್ಚ ಏರುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಸಗಟು ಉತ್ಪಾದನೆಯಿಂದ ಬೆಲೆ ಇಳಿಯುವುದು ನಿಜ. ಆದ್ದರಿಂದ ಚೌಕಟ್ಟು ಕಾರ್ಖಾನೆಯಿಂದಲೇ ಬರಲಿ. ಹಿಡಿಕೆ, ಗಾಲಿ, ಸೀಟು, ಪಾದದಾನಿಗಳನ್ನು ಬಳಸುವವರ ಎದುರಿನಲ್ಲಿ ಸ್ಥಳೀಯವಾಗಿ ಹೊಂದಿಸಲಿ. ಪುಣೆ–ಹೈದರಾಬಾದ್ ಹೆದ್ದಾರಿಗೆ ಹೊಂದಿಕೊಂಡ ಈ ಎರಡೂ ತಾಲ್ಲೂಕುಗಳಲ್ಲಿ ಲಾರಿಗಳನ್ನೇ ದುರಸ್ತಿ ಮಾಡುವ ಕೈಗಳಿವೆ. ಅವರಿಗೆ ಬೇಕಾದುದು ಅಲ್ಪ ತರಬೇತಿ ಮತ್ತು ಖಚಿತವಾದ ಕೂಲಿ.

ಇದಕ್ಕೆ ಹೊಸ ಇಲಾಖೆ ಬೇಡ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಅವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು. ವಿತರಣೆಯಾದ ಮೂರನೆಯ ಹಾಗೂ ಹನ್ನೆರಡನೆಯ ತಿಂಗಳಲ್ಲಿ ಅವರು ಪ್ರತಿ ಸಾಧನವನ್ನೂ ನೋಡಿ ವರದಿ ಕೊಡಲಿ. ಆ ವರದಿಯ ಆಧಾರದ ಮೇಲೆಯೇ ಮುಂದಿನ ಟೆಂಡರಿನ ಷರತ್ತುಗಳು ಸಿದ್ಧವಾಗಲಿ; ಷರತ್ತು ರೂಪಿಸುವ ಸಮಿತಿಯಲ್ಲಿ ಬಳಕೆದಾರರಿಗೆ ಮತ ಇರಲಿ. ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆಂದು ಮೀಸಲಿಡುವ ಶೇಕಡ 5ರ ನಿಧಿಯಲ್ಲಿ ಒಂದು ಭಾಗ ದುರಸ್ತಿಗೆ ಮುಡಿಪಾಗಲಿ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಒಮ್ಮೆ ಸಾಧನ ಪಡೆದವರು ಮತ್ತೊಂದಕ್ಕೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು. ಮೊದಲ ವರ್ಷವೇ ಮುರಿದರೆ ಉಳಿದ ಎರಡು ವರ್ಷ ಆ ಮನುಷ್ಯ ಮನೆಯಲ್ಲಿ ಕುಳಿತಿರಬೇಕೆ?

ಬಸವಕಲ್ಯಾಣದಲ್ಲಿ ಹರಳಯ್ಯನವರ ಗವಿಯಿದೆ. ಪಾದರಕ್ಷೆ ಮಾಡುವ ಕಾಯಕದವರಾಗಿದ್ದ ಅವರು ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸಮಾನರಾಗಿ ಕುಳಿತರು. ತೊಡುವ ಕಾಲನ್ನು ಕಾಣದೆ ಪಾದರಕ್ಷೆ ಹೊಲಿಯಲಾಗದು ಎಂಬುದು ಆ ಕಾಯಕದ ಮೊದಲ ಪಾಠ. ಬಸವಕಲ್ಯಾಣ, ಹುಮನಾಬಾದ್‌ಗಳ ಮುಂದಿನ ವಿತರಣಾ ಶಿಬಿರದಲ್ಲಿ ವೇದಿಕೆಯ ಮೇಲಿನ ಒಂದೆರಡು ಆಸನ ಕಡಿಮೆಯಾದರೂ ಚಿಂತೆಯಿಲ್ಲ. ಅಳತೆಯ ಟೇಪು ಹಿಡಿದವರೊಬ್ಬರು, ಸ್ಪ್ಯಾನರ್ ಹಿಡಿದವರೊಬ್ಬರು ಕೆಳಗಿರಲಿ.