ಓಡೋದು ನೀನು, ದುಡ್ಡು ನಾವ್ಯಾಕ್ ಕೊಡ್ಬೇಕು?

ಹಿಂದಿನ ಸಂಚಿಕೆಯಲ್ಲಿ ನಾನು ಮೊದಲ ಮ್ಯಾರಥಾನ್ ಓಡಿದ ವಿಷಯ ಹೇಳಿ, ಹಾಗೇ ಮುಂದೆ ಹೋಗ್ಬಿಟ್ಟಿದ್ದೆ. ಆಮೇಲೆ ನೀವು ಕಳಿಸಿದ ವಾಯ್ಸ್ ನೋಟ್‌ಗಳಲ್ಲಿ ಎರಡು ಪ್ರಶ್ನೆ ಮತ್ತೆ ಮತ್ತೆ ಬಂತು. ಅಷ್ಟು ದೂರ ಹೇಗೆ ಓಡಿದೆ? ಆಸ್ಪತ್ರೆಗೆ ಅಂತ ಎತ್ತಿದ ದುಡ್ಡು ಎಲ್ಲಿಗೆ ಹೋಯ್ತು? ಇವತ್ತು ಇವೆರಡೇ ಮಾತಾಡೋಣ.

ಮೊದಲು ದೂರ. ನಮ್ಮೂರ ಕಡೆ ಮೂರು ಕಿಲೋಮೀಟರ್ ಜಾಥಾಕ್ಕೂ ಬ್ಯಾನರ್‌ನಲ್ಲಿ ‘ಮ್ಯಾರಥಾನ್’ ಅಂತ ಬರೀತಾರೆ. ನಿಜವಾದ ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ದೂರ ಅದು, 1921ರಲ್ಲಿ ಅದನ್ನೇ ಖಾಯಂ ಮಾಡಿದ್ರು. ಬೆಂಗಳೂರಿನ ವರ್ಲ್ಡ್ 10ಕೆ ತುಂಬ ಫೇಮಸ್, 2008ರಿಂದ ನಡೀತಿದೆ, ಆದ್ರೆ ಅದು ಹತ್ತೇ ಕಿಲೋಮೀಟರ್. ಮಂಡ್ಯದವರಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು ಅಂದ್ರೆ, ಮಂಡ್ಯದಿಂದ ಮದ್ದೂರಿಗೆ ಓಡಿ, ಅಲ್ಲಿ ವಡೆ ತಿನ್ನೋಕೂ ನಿಲ್ಲದೆ ಬಲಕ್ಕೆ ತಿರುಗಿ ಮಳವಳ್ಳಿ ಹತ್ತಿರದವರೆಗೂ ಓಡಬೇಕು. ಸುಮಾರು ಅಷ್ಟು.

ಇದನ್ನ ಮನೇಲಿ ಹೇಳಿದಾಗ ನಮ್ಮ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಲೇ ಮಗಾ, ಓಡೋದು ನೀನು, ದುಡ್ಡು ನಾವ್ಯಾಕ್ಲಾ ಕೊಡ್ಬೇಕು?”

ನಕ್ಕುಬಿಟ್ಟೆ, ಆದ್ರೆ ಉತ್ತರ ಗೊತ್ತಿರ್ಲಿಲ್ಲ.

ನಾನು ಇದಕ್ಕೆ ಇಳಿದಿದ್ದು ನಮ್ಮ ಅತ್ತೆಯಿಂದ. ಮಳವಳ್ಳಿ ಕಡೆಯವರು. ಕ್ಯಾನ್ಸರ್ ಅಂತ ಬೆಂಗಳೂರಿಗೆ ತಿಂಗಳುಗಟ್ಟಲೆ ಓಡಾಡಿದ್ರು. ಬಿಪಿಎಲ್ ಕಾರ್ಡ್ ಇತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ, ಅವರಿಗೂ ಸಿಕ್ತು. ಆದ್ರೆ ಜೊತೇಲಿ ಹೋದ ಮಾವನ ಬಸ್ ಚಾರ್ಜು, ಹೋಟೆಲ್ ಊಟ, ರಾತ್ರಿ ಮಲಗೋ ಜಾಗ, ಊರಲ್ಲಿ ತಪ್ಪಿಹೋದ ಕೂಲಿ, ಇದ್ಯಾವುದೂ ಆ ಕಾರ್ಡಲ್ಲಿ ಬರಲ್ಲ. ಎರಡನೇ ತಿಂಗಳಿಗೇ ಕರೆಯೋ ಹಸು ಮಾರಿದ್ರು. ಆಸ್ಪತ್ರೆ ಪಕ್ಕ ಒಂದು ಸಣ್ಣ ಟ್ರಸ್ಟ್ ರೋಗಿ ಜೊತೆ ಬಂದವರಿಗೆ ಹಾಸಿಗೆ, ಎರಡು ಹೊತ್ತು ಊಟ ಕೊಡ್ತಿತ್ತು. ಅದು ಸಿಕ್ಕಿದ್ದಕ್ಕೇ ಚಿಕಿತ್ಸೆ ಅರ್ಧಕ್ಕೆ ನಿಲ್ಲಲಿಲ್ಲ. ಅತ್ತೆ ಈಗ ಹುಷಾರಾಗಿದ್ದಾರೆ. ಅವರ ಖಾಸಗಿ ವಿಷಯ ಆದ್ದರಿಂದ ಟ್ರಸ್ಟ್ ಹೆಸರು, ಆಸ್ಪತ್ರೆ ಹೆಸರು ಇಲ್ಲಿ ಹೇಳಲ್ಲ.

ನಾನು ಆರಿಸಿಕೊಂಡಿದ್ದು ಮುಂಬೈ ಮ್ಯಾರಥಾನ್. 2004ರಲ್ಲಿ ಶುರುವಾದ ಓಟ ಅದು, ಪ್ರತಿ ಜನವರಿಯಲ್ಲಿ ನಡೆಯುತ್ತೆ. ಓಡುವವರು ಒಂದು ಸಂಸ್ಥೆ ಹೆಸರಲ್ಲಿ ದೇಣಿಗೆ ಎತ್ತೋ ವ್ಯವಸ್ಥೆ ಅಲ್ಲಿ ದೊಡ್ಡದಾಗಿ ಬೆಳೆದಿದೆ.

ತಯಾರಿ ಆರು ತಿಂಗಳು. ವಾರದ ದಿನ ಸರ್ ಎಂ.ವಿ. ಸ್ಟೇಡಿಯಂನಲ್ಲಿ ಸುತ್ತು ಹೊಡೆಯೋದು, ಭಾನುವಾರ ಲಾಂಗ್ ರನ್. ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡಲ್ಲ, ನನ್ನನ್ನ ಬಿಡ್ತಾರಾ? ಸರ್ವಿಸ್ ರೋಡೇ ಗತಿ. ಗೆಜ್ಜಲಗೆರೆ ಡೈರಿವರೆಗೆ ಹೋಗಿ ವಾಪಸ್, ಆಮೇಲೆ ಮದ್ದೂರು, ಶಿಂಷಾ ಸೇತುವೆ. ಕಬ್ಬು ಅರೆಯೋ ಸೀಸನ್ನಲ್ಲಿ ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್‌ಗಳು ಕತ್ತಲಲ್ಲಿ ನಿಂತಿರ್ತಾವೆ. ನಾಯಿಗಿಂತ ಅದಕ್ಕೇ ನನಗೆ ಹೆಚ್ಚು ಭಯ. ಮಿಂಚೋ ಜಾಕೆಟ್, ತಲೆಗೆ ಟಾರ್ಚ್ ಇಲ್ಲದೆ ಹೋಗಬೇಡಿ, ಎದುರು ಬರೋ ಗಾಡಿ ಕಾಣೋ ಹಾಗೆ ಬಲಗಡೆ ಓಡಿ. ಮೊದಲ ಸಲ ಓಡೋರು ಡಾಕ್ಟರ್‌ಗೆ ಒಂದ್ಸಲ ತೋರಿಸಿಕೊಂಡೇ ಶುರು ಮಾಡಿ.

ಮ್ಯಾರಥಾನ್‌ನಲ್ಲಿ ‘ಗೋಡೆ’ ಅಂತಾರಲ್ಲ, ಅದರ ಲೆಕ್ಕ ಸುಲಭ. ಓಡುವಾಗ ತೂಕದ ಪ್ರತಿ ಕೆಜಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಖರ್ಚು. ನಾನು 66 ಕೆಜಿ. ನಮ್ಮ ಸ್ನಾಯು, ಲಿವರ್ ಒಳಗೆ ಗ್ಲೈಕೋಜನ್ ಅನ್ನೋ ಸಕ್ಕರೆ ದಾಸ್ತಾನು ಇರೋದು ಅಂದಾಜು 2000 ಕ್ಯಾಲೊರಿಯಷ್ಟು. ಭಾಗಿಸಿದ್ರೆ 30 ಕಿಲೋಮೀಟರ್. ದಾಸ್ತಾನು ಖಾಲಿಯಾದ ಮೇಲೆ ದೇಹ ಕೊಬ್ಬನ್ನ ನಂಬ್ಕೋಬೇಕು, ಅದು ನಿಧಾನಕ್ಕೆ ಉರಿಯೋ ಸೌದೆ. ಕಾಲು ಕಲ್ಲಾಗುತ್ತೆ. ನಮ್ಮ ರೂಟಲ್ಲಿ ಅದು ಮದ್ದೂರು ದಾಟಿ ಭಾರತೀನಗರ ಸಮೀಪ, ಸಕ್ಕರೆ ಫ್ಯಾಕ್ಟರಿ ಹತ್ತಿರ! ಒಳ್ಳೆ ಜಾಗದಲ್ಲೇ ಸಕ್ಕರೆ ಮುಗಿಯುತ್ತೆ. ಅದಕ್ಕೇ ಓಡ್ತಾ ಓಡ್ತಾ ಬಾಳೆಹಣ್ಣು, ಬೆಲ್ಲ ಏನಾದ್ರೂ ತಿನ್ನಬೇಕು, ಹೊಟ್ಟೆಗೆ ಅಭ್ಯಾಸ ಇರೋದನ್ನೇ. ಬರೀ ನೀರು ಕುಡೀತಾನೇ ಇದ್ರೂ ಅಪಾಯ, ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತೆ, ಓಆರ್‌ಎಸ್ ಬೆರೆಸ್ಕೊಳ್ಳಿ.

ಈಗ ದುಡ್ಡು. ನಾನು ಬಿಕಾಂ ಓದಿದವನು. ಆದ್ರೂ ಮಾಡಿದ ಮೊದಲ ಕೆಲಸ ಏನು ಗೊತ್ತಾ? ನನ್ನದೇ ಯುಪಿಐ ಕ್ಯೂಆರ್ ಕೋಡನ್ನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು. ಮೂರು ದಿನದಲ್ಲಿ 11,500 ರೂಪಾಯಿ ಬಂತು. ಅದೇ ಅಕೌಂಟಿಂದ ಪೆಟ್ರೋಲು, ರೀಚಾರ್ಜು ಎಲ್ಲಾ ಹೋಗ್ತಿತ್ತು. ಚಿಕ್ಕಮ್ಮ ಒಬ್ರು ಫೋನ್ ಮಾಡಿ, “ನಂದು 500 ಹೋಯ್ತೇನಪ್ಪ ಆಸ್ಪತ್ರೆಗೆ?” ಅಂದಾಗ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಯಾವುದು ಯಾರದ್ದು ಅಂತ ಹೇಳೋಕೇ ಆಗ್ಲಿಲ್ಲ. ಬ್ಯಾಲೆನ್ಸ್ ಆಗ್ಲೇ 11,500ಕ್ಕಿಂತ ಕೆಳಗಿತ್ತು.

ನಾನೇನು ಕದಿಯೋಕೆ ಹೋಗಿರ್ಲಿಲ್ಲ. ಆದ್ರೆ ಹೊರಗಿಂದ ನೋಡೋರಿಗೆ ಕದ್ದೋನಿಗೂ ನನಗೂ ಏನು ವ್ಯತ್ಯಾಸ? ಆ ರಾತ್ರಿ ನಿದ್ದೆ ಬರ್ಲಿಲ್ಲ. ಬೆಳಗ್ಗೆ ಎಲ್ಲರಿಗೂ ಹಣ ವಾಪಸ್ ಹಾಕಿ, ಟ್ರಸ್ಟಿನದೇ ಪೇಮೆಂಟ್ ಲಿಂಕ್ ಕಳಿಸಿದೆ. ಇಬ್ಬರು ಮತ್ತೆ ಕೊಡಲೇ ಇಲ್ಲ. ಸರಿ, ಅದು ನನ್ನ ತಪ್ಪಿನ ಬೆಲೆ.

ಇದರಲ್ಲಿ ಟ್ಯಾಕ್ಸ್ ವಿಷಯವೂ ಇದೆ. ನನ್ನ ಅಕೌಂಟಿಂದ ಟ್ರಸ್ಟಿಗೆ ಹೋದ್ರೆ ರಸೀದಿ ನನ್ನ ಹೆಸರಿಗೇ ಬರುತ್ತೆ, ಕೊಟ್ಟವರಿಗೆ 80ಜಿ ವಿನಾಯಿತಿ ಸಿಗಲ್ಲ. ಆ ವಿನಾಯಿತಿ ಬಗ್ಗೆಯೂ ಜನಕ್ಕೆ ತಪ್ಪು ಕಲ್ಪನೆ ಇದೆ. 5,000 ಕೊಟ್ರೆ 5,000 ಟ್ಯಾಕ್ಸ್ ಉಳಿಯಲ್ಲ. ಇಂಥ ಬಹುಪಾಲು ಟ್ರಸ್ಟ್‌ಗಳಿಗೆ ಕೊಟ್ಟ ಹಣದ ಅರ್ಧ, ಅಂದ್ರೆ 2,500, ನಿಮ್ಮ ಆದಾಯದಲ್ಲಿ ಕಳೆಯುತ್ತೆ, ಅದಕ್ಕೂ ಒಂದು ಮಿತಿ ಇದೆ. 20 ಪರ್ಸೆಂಟ್ ಸ್ಲ್ಯಾಬಲ್ಲಿದ್ರೆ ಸೆಸ್ ಸೇರಿ ಉಳಿಯೋದು 520 ರೂಪಾಯಿ. ಅದೂ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿದ್ರೆ ಮಾತ್ರ. ಹೊಸದರಲ್ಲಿ ಸೊನ್ನೆ. 2,000ಕ್ಕಿಂತ ಜಾಸ್ತಿ ಕ್ಯಾಶ್ ಕೊಟ್ರೂ ಸೊನ್ನೆ. ಟ್ರಸ್ಟ್ ತನ್ನ ದಾನಿಗಳ ಪಟ್ಟಿಯನ್ನ ಇಲಾಖೆಗೆ ಸಲ್ಲಿಸಿ, ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಫಾರ್ಮ್ 10ಬಿಇ ಅನ್ನೋ ಸರ್ಟಿಫಿಕೇಟ್ ಕೊಡಬೇಕು. ಯಾರಾದ್ರೂ ದೇಣಿಗೆ ಕೇಳಿದ್ರೆ ‘10ಬಿಇ ಕೊಡ್ತೀರಾ’ ಅಂತ ಕೇಳಿ ನೋಡಿ. ಮುಖ ನೋಡಿದ್ರೇ ಗೊತ್ತಾಗುತ್ತೆ. ಆನ್‌ಲೈನ್ ವೇದಿಕೆ ಮೂಲಕ ಕೊಡೋದಾದ್ರೆ ಅವರು ಎಷ್ಟು ಹಿಡ್ಕೋತಾರೆ ಅಂತಾನೂ ಮೊದಲೇ ನೋಡ್ಕೊಳ್ಳಿ. ನನ್ನ ಶೂ, ರೈಲು ಟಿಕೆಟ್, ಎಂಟ್ರಿ ಫೀಸ್ ಎಲ್ಲಾ ನನ್ನ ಜೇಬಿಂದ, ಅದನ್ನ ಗ್ರೂಪಲ್ಲಿ ಬರೆದೂ ಹಾಕಿದೆ.

ದೊಡ್ಡಪ್ಪನಿಗೆ ಟೆರ್ರಿ ಫಾಕ್ಸ್ ಕಥೆ ಹೇಳಿ ನೋಡಿದೆ. ಕ್ಯಾನ್ಸರಿಂದ ಒಂದು ಕಾಲು ಕಳ್ಕೊಂಡ ಕೆನಡಾದ ಹುಡುಗ, 1980ರಲ್ಲಿ ಕೃತಕ ಕಾಲಲ್ಲಿ ದಿನಾ ಹತ್ತಿರ ಹತ್ತಿರ ಒಂದು ಮ್ಯಾರಥಾನ್‌ನಷ್ಟು ಓಡಿ, 143 ದಿನದಲ್ಲಿ 5,373 ಕಿಲೋಮೀಟರ್ ಮುಗಿಸಿದ. ಕ್ಯಾನ್ಸರ್ ಮತ್ತೆ ಬಂದು ನಿಲ್ಲಬೇಕಾಯ್ತು. ಕ್ಯಾನ್ಸರ್ ಸಂಶೋಧನೆಗೆ ಪ್ರತಿ ಕೆನಡಿಯನ್ನಿಂದ ಒಂದು ಡಾಲರ್ ಕೇಳಿದ್ದ, 1981ರ ಫೆಬ್ರವರಿ ಹೊತ್ತಿಗೆ ಅಷ್ಟೂ ಬಂತು. ದೊಡ್ಡಪ್ಪ ಕೇಳಿಸ್ಕೊಂಡು, “ಅವ್ನು ದೊಡ್ಡೋನು ಬುಡು” ಅಂದ್ರು.

ಕೊನೆಗೆ ಕೆಲಸ ಮಾಡಿದ್ದು ಮಾದಪ್ಪ. “ದೊಡ್ಡಪ್ಪ, ಬೆಟ್ಟಕ್ಕೆ ನಡ್ಕೊಂಡು ಹೋಗೋರಿಗೆ ನೀವು ದಾರೀಲಿ ಮಜ್ಜಿಗೆ, ಪಾನಕ ಕೊಡ್ತೀರಲ್ಲ, ನಡೆಯೋರು ಅವ್ರು, ಕೊಡೋದು ನೀವ್ಯಾಕೆ?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. “ಅವ್ರು ದೇವ್ರ ಹತ್ರ ಹೋಗ್ತಾರೆ ಕಣ್ಲಾ. ನೀನು ಬೊಂಬಾಯಿಗೆ” ಅಂದ್ರು. ಮಾರನೇ ದಿನ ಮಗಳ ಫೋನಿಂದ 1,001 ರೂಪಾಯಿ ಟ್ರಸ್ಟಿಗೆ ಹಾಕಿಸಿದ್ರು.

2025ರ ಜನವರಿ 19. ಕಡಲ ಸೇತುವೆ ಮೇಲೆ ಓಡುವಾಗ ಗಾಳಿ, ಖುಷಿ, ಸೆಲ್ಫಿ. ಆಮೇಲೆ ಪೆಡ್ಡರ್ ರೋಡ್ ಏರು ಬಂತು, ಅದೂ ‘ಗೋಡೆ’ ಆದ ಮೇಲೆ. ಅಲ್ಲಿ ನಾನು ಓಡ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ, ನಡೆದೆ. ಪಕ್ಕದಲ್ಲಿ ಯಾರೋ ಅಜ್ಜಿ ಬಿಸ್ಕತ್ ಹಿಡ್ಕೊಂಡು ನಿಂತಿದ್ರು, ಗುರುತಿಲ್ಲ, ಭಾಷೆ ಗೊತ್ತಿಲ್ಲ, ಕೈಗೆ ಎರಡು ತುರುಕಿದ್ರು. ಐದು ಗಂಟೆ ಐವತ್ತು ನಿಮಿಷಕ್ಕೆ ಮುಗಿಸಿದೆ. ಎಡಗಾಲಿನ ಒಂದು ಉಗುರು ಹೋಯ್ತು.

ಒಟ್ಟು ಸೇರಿದ್ದು 64,000 ಚಿಲ್ಲರೆ. ಅತ್ತೆ 200 ಕಳಿಸಿದ್ರು, ಬೇಡ ಅಂದ್ರೂ ಕೇಳ್ಲಿಲ್ಲ.

ಮೇನಲ್ಲಿ ದೊಡ್ಡಪ್ಪನ 10ಬಿಇ ಬಂತು. ಟ್ಯಾಕ್ಸ್ ಕಟ್ಟೋರಲ್ಲ ಅವರು, ಆದ್ರೂ ಪ್ರಿಂಟ್ ಬೇಕು ಅಂದ್ರು. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, “ಇನಿಶಿಯಲ್ ತಪ್ಪಾಗದೆ” ಅಂದ್ರು. ಫಾರ್ಮ್ ತುಂಬಿದ್ದು ನಾನೇ. ಸರಿ ಮಾಡಿಸೋಕೆ ಟ್ರಸ್ಟಿಗೆ ಮೇಲ್ ಹಾಕಿದ್ದೀನಿ.