ಏಳು ಮಂದಿಯ ಫುಟ್‌ಬಾಲ್ ಮತ್ತು ಸುಂಟಿಕೊಪ್ಪದ ಮೈದಾನ

ಸೆರೆಬ್ರಲ್ ಪಾಲ್ಸಿ ಇರುವ ಕ್ರೀಡಾಪಟುಗಳ ಫುಟ್‌ಬಾಲ್, ಸಾಮಾನ್ಯ ಫುಟ್‌ಬಾಲಿನ ನಿಯಮಗಳನ್ನು ಬಹುಪಾಲು ಹಾಗೆಯೇ ಉಳಿಸಿಕೊಂಡು, ಆಟಗಾರನ ದೇಹಕ್ಕೆ ಅಡ್ಡಿಯಾಗುವಂಥ ಕೆಲವನ್ನು ಮಾತ್ರ ಬದಲಿಸಿಕೊಂಡ ಕ್ರೀಡೆ. 1978ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಆರಂಭವಾದ ಈ ಆಟ 1984ರಲ್ಲಿ ಪ್ಯಾರಾಲಿಂಪಿಕ್ಸ್ ಸೇರಿತು. 2015ರಿಂದ ಇದರ ಆಡಳಿತವನ್ನು ಪ್ರತ್ಯೇಕವಾದ ಅಂತರರಾಷ್ಟ್ರೀಯ ಒಕ್ಕೂಟವೊಂದು ನೋಡಿಕೊಳ್ಳುತ್ತಿದೆ.

ಸೆರೆಬ್ರಲ್ ಪಾಲ್ಸಿ ಎಂಬುದು ಬೆಳೆಯುತ್ತಿರುವ ಮಿದುಳಿಗೆ ಹೆರಿಗೆಗೆ ಮುನ್ನ, ಹೆರಿಗೆಯ ವೇಳೆ ಅಥವಾ ಆನಂತರದ ಎಳವೆಯಲ್ಲಿ ಆಗುವ ಹಾನಿಯಿಂದ ಚಲನೆಯ ಮೇಲಿನ ಹಿಡಿತ ಕುಂದುವ ಸ್ಥಿತಿ. ಅವಧಿಗೆ ಮುನ್ನ ಆಗುವ ಹೆರಿಗೆ, ಹುಟ್ಟುವಾಗಿನ ಉಸಿರುಗಟ್ಟುವಿಕೆ, ಚಿಕಿತ್ಸೆ ದೊರಕದೆ ಉಲ್ಬಣಿಸಿದ ನವಜಾತ ಕಾಮಾಲೆ ಇದರ ಕಾರಣಗಳಲ್ಲಿ ಸೇರಿವೆ. ಮಿದುಳಿನ ಹಾನಿ ವಯಸ್ಸಿನೊಂದಿಗೆ ಹೆಚ್ಚುವುದಿಲ್ಲವಾದರೂ ಅದರ ಪರಿಣಾಮವಾಗಿ ಕೆಲವರ ಸ್ನಾಯುಗಳು ಬಿಗಿಯುತ್ತವೆ, ಕೆಲವರ ಕೈಕಾಲುಗಳು ಇಚ್ಛೆಯಿಲ್ಲದೆಯೇ ಹೊರಳಾಡುತ್ತವೆ, ಮತ್ತೆ ಕೆಲವರಿಗೆ ಸಮತೋಲನವೇ ತಪ್ಪುತ್ತದೆ. ಇದು ಬುದ್ಧಿಮಾಂದ್ಯವಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಮಾತು ತೊದಲುವ ಮಗುವಿಗೆ ಬುದ್ಧಿಯೂ ಕಡಿಮೆಯೆಂದು ತೀರ್ಮಾನಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಪಾರ್ಶ್ವವಾಯು ಅಥವಾ ತಲೆಗೆ ಬಿದ್ದ ಪೆಟ್ಟಿನಿಂದ ಇಂಥದೇ ತೊಂದರೆಗೆ ಒಳಗಾದವರೂ ಈ ಆಟಕ್ಕೆ ಅರ್ಹರು.

ಪ್ರತಿ ತಂಡದಲ್ಲಿ ಏಳು ಮಂದಿ ಕಣಕ್ಕಿಳಿಯುತ್ತಾರೆ. ಪಂದ್ಯ ತಲಾ 30 ನಿಮಿಷದ ಎರಡು ಅವಧಿಗಳದು. ಗೋಲಿನ ಚೌಕಟ್ಟು 5 ಮೀಟರ್ ಅಗಲ, 2 ಮೀಟರ್ ಎತ್ತರ. ಆಫ್‌ಸೈಡ್ ನಿಯಮವಿಲ್ಲ. ಅಂಚುಗೆರೆ ದಾಟಿದ ಚೆಂಡನ್ನು ಎರಡೂ ಕೈಯಿಂದ ತಲೆಯ ಮೇಲಿಂದಲೇ ಎಸೆಯಬೇಕೆಂಬ ಕಟ್ಟಳೆಯನ್ನು ಸಡಿಲಿಸಿ, ಒಂದೇ ಕೈಯಿಂದ ನೆಲದ ಮೇಲೆ ಉರುಳಿಸುವುದಕ್ಕೂ ಅವಕಾಶ ಕೊಡಲಾಗಿದೆ. ಆದರೆ ಈ ಆಟದ ನಿಜವಾದ ವೈಶಿಷ್ಟ್ಯವಿರುವುದು ಆಟಗಾರರ ವರ್ಗೀಕರಣದಲ್ಲಿ. ಪರಿಣತರು ಆಟಗಾರನ ಸ್ನಾಯುಗಳನ್ನೂ ಚಲನೆಯನ್ನೂ ಮೊದಲು ಪರೀಕ್ಷಿಸಿ, ಬಳಿಕ ಪಂದ್ಯದಲ್ಲಿ ಅವನ ಆಟವನ್ನು ಗಮನಿಸಿ, ಎಫ್‌ಟಿ1, ಎಫ್‌ಟಿ2, ಎಫ್‌ಟಿ3 ಎಂಬ ಮೂರು ವರ್ಗಗಳಲ್ಲೊಂದಕ್ಕೆ ಸೇರಿಸುತ್ತಾರೆ. ಮೊದಲನೆಯದು ಹೆಚ್ಚು ತೊಂದರೆಯುಳ್ಳವರದು, ಕೊನೆಯದು ಅತಿ ಕಡಿಮೆ ತೊಂದರೆಯುಳ್ಳವರದು. ಪಂದ್ಯದುದ್ದಕ್ಕೂ ಎಫ್‌ಟಿ1 ವರ್ಗದ ಒಬ್ಬರಾದರೂ ಮೈದಾನದಲ್ಲಿರಬೇಕು, ಎಫ್‌ಟಿ3 ವರ್ಗದವರು ಒಬ್ಬರಿಗಿಂತ ಹೆಚ್ಚು ಇರಕೂಡದು. ಹೀಗಾಗಿ ವೇಗವಾಗಿ ಓಡಬಲ್ಲವರನ್ನಷ್ಟೇ ಆರಿಸಿ ತಂಡ ಕಟ್ಟುವುದು ಸಾಧ್ಯವಿಲ್ಲ, ಎಲ್ಲರಿಗಿಂತ ಹೆಚ್ಚು ಕಷ್ಟದಿಂದ ಓಡುವವನನ್ನು ಹುಡುಕಿ ಪಳಗಿಸುವುದು ತರಬೇತುದಾರನಿಗೆ ಅನಿವಾರ್ಯ.

ಬಲ ಪಾರ್ಶ್ವ ಬಿಗಿದಿರುವ ಆಟಗಾರನೊಬ್ಬ ಚೆಂಡು ಪಡೆಯುವ ಬಗೆಯನ್ನು ಹತ್ತಿರದಿಂದ ಗಮನಿಸಿದರೆ ಈ ಆಟದ ಸೂಕ್ಷ್ಮ ತಿಳಿಯುತ್ತದೆ. ಓಟ ಬಿರುಸಾದಂತೆ ಅವನ ಬಲ ಮೊಣಕೈ ತಾನಾಗಿ ಮಡಚಿಕೊಳ್ಳುತ್ತದೆ, ಬಲ ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವುದಿಲ್ಲ. ಚೆಂಡನ್ನು ಎಡಗಾಲಿನಲ್ಲಿ ತಡೆಯುವಾಗ ಇಡೀ ದೇಹದ ಭಾರ ಆ ದುರ್ಬಲ ಬಲಗಾಲಿನ ಮೇಲೆಯೇ ಬೀಳುವುದರಿಂದ, ಚೆಂಡು ಬರುವ ಮೊದಲೇ ಅವನು ಮೈಯನ್ನು ಅದಕ್ಕೆ ತಕ್ಕಂತೆ ಅಣಿಗೊಳಿಸಿಕೊಂಡಿರಬೇಕಾಗುತ್ತದೆ. ಆ ಒಂದು ಕ್ಷಣದ ಮುಂದಾಲೋಚನೆಗೆ ವರ್ಷಗಟ್ಟಲೆ ಅಭ್ಯಾಸ ಬೇಕು, ಮತ್ತು ಆ ಕೌಶಲವನ್ನು ಕನಿಕರದ ಕಣ್ಣಿನಿಂದ ನೋಡುವುದು ಅದಕ್ಕೆ ಮಾಡುವ ಅನ್ಯಾಯ.

2016ರ ರಿಯೊ ಪ್ಯಾರಾಲಿಂಪಿಕ್ಸ್‌ನ ಅಂತಿಮ ಪಂದ್ಯದಲ್ಲಿ ಉಕ್ರೇನ್ ಇರಾನನ್ನು ಮಣಿಸಿತು. ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಆಟ ಕಂಡ ಕೊನೆಯ ಪಂದ್ಯ ಅದೇ. ಜಗತ್ತಿನಾದ್ಯಂತ ಸಾಕಷ್ಟು ಹರಡಿಲ್ಲವೆಂಬ ಕಾರಣಕ್ಕೆ ಟೋಕಿಯೊ ಕೂಟದಿಂದ ಇದನ್ನು ಕೈಬಿಡುವ ತೀರ್ಮಾನ 2015ರಲ್ಲಿಯೇ ಆಗಿತ್ತು. ಪ್ಯಾರಿಸ್‌ನಲ್ಲಿ ಅದು ಇರಲಿಲ್ಲ, 2028ರ ಲಾಸ್ ಏಂಜಲೀಸ್ ಕೂಟದ ಪಟ್ಟಿಯಲ್ಲಿಯೂ ಇಲ್ಲ. ಆದರೂ ಆಟ ನಿಂತಿಲ್ಲ. ವಿಶ್ವಕಪ್ ನಡೆಯುತ್ತಿದೆ, 2022ರಲ್ಲಿ ಸ್ಪೇನಿನ ಸಲೌ ಎಂಬಲ್ಲಿ ಮಹಿಳೆಯರ ಮೊದಲ ವಿಶ್ವಕಪ್ಪೂ ನಡೆದು ಅಮೆರಿಕ ಗೆದ್ದಿತು. ಇನ್ನಷ್ಟು ದೇಶಗಳಲ್ಲಿ, ಅಂದರೆ ಇನ್ನಷ್ಟು ಸಣ್ಣ ಊರುಗಳ ಮೈದಾನಗಳಲ್ಲಿ, ಆಟ ಬೇರೂರಿದರೆ ಮಾತ್ರ ಪ್ಯಾರಾಲಿಂಪಿಕ್ಸ್‌ನ ಬಾಗಿಲು ಮತ್ತೆ ತೆರೆದೀತು.

ಕೊಡಗಿನ ಮಾತು ಬರುವುದು ಇಲ್ಲಿ. ಕೊಡಗೆಂದರೆ ಹಾಕಿ ಎನ್ನುವುದು ರೂಢಿಯಾದರೂ ಸುಂಟಿಕೊಪ್ಪ ಫುಟ್‌ಬಾಲಿನ ಊರು. ಅಲ್ಲಿನ ಬ್ಲೂ ಬಾಯ್ಸ್ ಯುವಕ ಸಂಘ ನಡೆಸುವ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಪಂದ್ಯಾವಳಿಗೆ ಹೊರಜಿಲ್ಲೆಗಳ ತಂಡಗಳೂ ಬರುತ್ತವೆ. ಅದೇ ಸುಂಟಿಕೊಪ್ಪದಲ್ಲಿ ಕೂರ್ಗ್ ಫೌಂಡೇಷನ್ ನಡೆಸುವ, ವಿಶೇಷ ಶಿಕ್ಷಣ ಮತ್ತು ಪುನರ್ವಸತಿಗೆ ಮೀಸಲಾದ ಸ್ವಸ್ಥ ಸಂಸ್ಥೆಯಿದೆ. ಜಿಲ್ಲೆಯ ಪಾಲಿಬೆಟ್ಟದಲ್ಲಿಯೂ ಚೆಷೈರ್ ಹೋಮ್‌ನ ವಿಶೇಷ ಶಾಲೆಯಿದೆ. ಸುಂಟಿಕೊಪ್ಪದಲ್ಲಿರುವಂತೆ ಫುಟ್‌ಬಾಲ್ ಬಲ್ಲವರೂ ಇಂಥ ಮಕ್ಕಳ ದೇಹಸ್ಥಿತಿ ಬಲ್ಲವರೂ ಒಂದೇ ಊರಿನಲ್ಲಿರುವುದು ಎಲ್ಲೆಡೆಯೂ ಕಾಣಸಿಗುವ ಸಂಗತಿಯಲ್ಲ.

ಸಾಮರ್ಥ್ಯಕ್ಕಿಂತ ಎಲ್ಲರನ್ನೂ ಸೇರಿಸಿಕೊಳ್ಳುವುದನ್ನು ಮುಂದಿಡುವ ನಿಯಮವೂ ಈ ಜಿಲ್ಲೆಗೆ ಹೊಸದಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬ ತಂಡಗಳೊಡನೆ ಆರಂಭಿಸಿದ ಕೊಡವ ಹಾಕಿ ಹಬ್ಬದಲ್ಲಿ ಒಂದೇ ಒಕ್ಕದವರು, ಎಂದರೆ ಒಂದೇ ಮನೆತನದ ಹೆಸರಿನವರು, ಒಂದು ತಂಡವಾಗುತ್ತಾರೆ. ಅಲ್ಲಿ ಹೆಣ್ಣುಮಕ್ಕಳು, ಚಿಕ್ಕವರು, ವಯಸ್ಸಾದವರು ಒಂದೇ ತಂಡದಲ್ಲಿ ಆಡಿದ್ದಾರೆ. ಎಫ್‌ಟಿ1 ಆಟಗಾರನಿಗೆ ಕಡ್ಡಾಯವಾಗಿ ಜಾಗ ಕೊಡುವ ನಿಯಮವನ್ನು ಅರ್ಥ ಮಾಡಿಕೊಳ್ಳುವುದು ಇಂಥ ಹಬ್ಬ ಕಟ್ಟಿದವರಿಗೆ ಕಷ್ಟವಾಗಲಾರದು.

ತೊಡಕುಗಳು ಬೇರೆಡೆ ಇವೆ. ಕಾಫಿ ತೋಟಗಳ ನಡುವಿನ ಒಂಟಿಮನೆ, ಕಾರ್ಮಿಕರ ಲೈನ್‌ಮನೆಗಳಿಂದ ಬಸ್ಸಿನ ದಾರಿಗೆ ಬರುವ ಏರುತಗ್ಗಿನ ಕಾಲುಹಾದಿಯೇ ಬಿಗಿದ ಕಾಲಿನ ಮಗುವಿಗೆ ಮೊದಲ ಅಡ್ಡಿ. ಚಳಿಗೆ ಸ್ನಾಯುಗಳ ಬಿಗಿತ ಹೆಚ್ಚುವುದರಿಂದ ಆಟಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳುವ ವ್ಯಾಯಾಮ ಇಲ್ಲಿ ದೀರ್ಘವಾಗಿಯೇ ಇರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅಭ್ಯಾಸಕ್ಕೆ ಸೂರಿನಡಿಯ ಜಾಗ ಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ತನ್ನ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿದೆಯಲ್ಲದೆ, ಅಂಗವಿಕಲರು ಕ್ರೀಡೆಯಲ್ಲಿ ಭಾಗವಹಿಸಲು ಅನುಕೂಲ ಕಲ್ಪಿಸುವ ಹೊಣೆಯನ್ನು ಸರ್ಕಾರಕ್ಕೂ ಕ್ರೀಡಾ ಪ್ರಾಧಿಕಾರಗಳಿಗೂ ವಹಿಸಿದೆ. ಆದ್ದರಿಂದ ಮಕ್ಕಳನ್ನು ಮೈದಾನಕ್ಕೆ ಕರೆತರುವ ವಾಹನ, ವಾರವಾರವೂ ತಪ್ಪದೆ ಬರುವ ಫಿಸಿಯೋಥೆರಪಿಸ್ಟ್, ಎತ್ತಿಟ್ಟುಕೊಳ್ಳಬಹುದಾದ ಎರಡು ಚಿಕ್ಕ ಗೋಲಿನ ಚೌಕಟ್ಟು ಇವನ್ನು ಯಾರೋ ದಾನಿಗಳ ಔದಾರ್ಯಕ್ಕೆ ಬಿಡದೆ ಜಿಲ್ಲೆಯ ಕ್ರೀಡಾ ವೆಚ್ಚದಲ್ಲಿಯೇ ಸೇರಿಸಬೇಕೆಂದು ಕೇಳುವುದಕ್ಕೆ ಪೋಷಕರಿಗೂ ಯುವಕ ಸಂಘಗಳಿಗೂ ಕಾನೂನಿನ ಆಧಾರವಿದೆ.