ಗೆರೆ ಎಳೆಯೋದು ಸುಲಭ, ಸಾಕೋದು ಕಷ್ಟ: ಟ್ರೆಂಡ್‌ಲೈನ್ ನಿರ್ವಹಣೆ

ಇವತ್ತು ಟ್ರೆಂಡ್‌ಲೈನ್ ಎಳೆಯೋದು ಹೇಗೆ ಅಂತ ಹೇಳಲ್ಲ. ಅದು ಎರಡು ಕ್ಲಿಕ್ಕಿನ ಕೆಲಸ. ಎಳೆದ ಮೇಲೆ ಆ ಗೆರೆಯನ್ನ ಏನು ಮಾಡ್ಬೇಕು ಅನ್ನೋದೇ ಇವತ್ತಿನ ವಿಷಯ. ಟ್ರೇಡಿಂಗ್‌ವ್ಯೂ ಇಟ್ಟುಕೊಂಡು ತೋರಿಸ್ತೀನಿ.

ಮೊದಲು ನಾನು ದುಡ್ಡು ಕಳ್ಕೊಂಡ ಕಥೆ. ಪುಣೆಯಲ್ಲಿ ಆಫೀಸ್ ಬಸ್ಸಲ್ಲಿ ಹಿಂಜವಡಿ ಕಡೆ ಹೋಗ್ತಾ ಫೋನಲ್ಲಿ ಚಾರ್ಟ್ ನೋಡ್ತಿದ್ದೆ. ಒಂದು ಶೇರು 430ಕ್ಕೆ 200 ತಗೊಂಡಿದ್ದೆ. ಕೆಳಗಿನಿಂದ ಏರಿ ಬಂದ ಟ್ರೆಂಡ್‌ಲೈನ್ ಅವತ್ತು 412ರಲ್ಲಿ ಇತ್ತು, 410ಕ್ಕೆ ಸ್ಟಾಪ್‌ಲಾಸ್ ಹಾಕ್ಬೇಕು ಅಂತ ಲೆಕ್ಕ. ಝೂಮ್ ಮಾಡೋಕೆ ಹೋಗಿ ಹೆಬ್ಬೆರಳು ಗೆರೆಯ ತುದಿಗೆ ತಗುಲಿ ಅದು ಕೆಳಗೆ ಜಾರಿದೆ, ನನಗೆ ಗೊತ್ತೇ ಆಗಿಲ್ಲ. ಸಂಜೆ ನೋಡಿದಾಗ ಗೆರೆ 396 ಅಂತಿತ್ತು. ಗೆರೆಯನ್ನ ನಂಬಿ 394ಕ್ಕೆ ಸ್ಟಾಪ್‌ಲಾಸ್ ಹಾಕಿದೆ. ನಾಲ್ಕೇ ದಿನದಲ್ಲಿ ಅದೂ ಹಿಟ್ ಆಯ್ತು. 4,000 ಹೋಗಬೇಕಾದಲ್ಲಿ 7,200 ಹೋಯ್ತು. ಆ 3,200 ಮಾರ್ಕೆಟ್ ಕಿತ್ಕೊಂಡಿದ್ದಲ್ಲ, ನನ್ನ ಹೆಬ್ಬೆರಳು ಕೊಟ್ಟಿದ್ದು.

ಅದಕ್ಕೆ ಈಗ ಗೆರೆ ಎಳೆದ ತಕ್ಷಣ ಬೀಗದ ಗುರುತು ಒತ್ತಿ ಲಾಕ್ ಮಾಡ್ತೀನಿ. ಎಡಗಡೆಯ ಟೂಲ್‌ಬಾರಲ್ಲಿ ಎಲ್ಲ ಗೆರೆಗಳನ್ನೂ ಒಟ್ಟಿಗೆ ಲಾಕ್ ಮಾಡೋ ಬೀಗವೂ ಇದೆ. ಫೋನಲ್ಲಿ ಬರೀ ನೋಡ್ತೀನಿ, ಗೆರೆ ಎಳೆಯೋದು ಲ್ಯಾಪ್‌ಟಾಪಲ್ಲಿ ಮಾತ್ರ. ಆಲ್ಟ್ ಜೊತೆ ಟಿ ಒತ್ತಿದ್ರೆ ಟ್ರೆಂಡ್‌ಲೈನ್ ಕೈಗೆ ಬರುತ್ತೆ. ಮ್ಯಾಗ್ನೆಟ್ ಆನ್ ಮಾಡಿದ್ರೆ ಗೆರೆಯ ತುದಿ ಕ್ಯಾಂಡಲ್‌ನ ಹೈ, ಲೋ, ಓಪನ್ ಅಥವಾ ಕ್ಲೋಸ್‌ಗೆ ತಾನಾಗೇ ಅಂಟಿಕೊಳ್ಳುತ್ತೆ. ಕಣ್ಣಳತೆಯಲ್ಲಿ ಇಟ್ರೆ ಎರಡು ಮೂರು ರೂಪಾಯಿ ಆಚೀಚೆ ಆಗೇ ಆಗುತ್ತೆ.

ಇನ್ನು ಜೇಡರ ಬಲೆ ಸಮಸ್ಯೆ. ಐದು ನಿಮಿಷದ ಚಾರ್ಟಲ್ಲಿ ಎಳೆದ ಗೆರೆಗಳು ದಿನದ ಚಾರ್ಟಿಗೆ ಹೋದಾಗಲೂ ಕೂತಿರುತ್ತವೆ, ಒಂದೇ ಮೂಲೆಯಲ್ಲಿ ಕಡ್ಡಿ ಕಟ್ಟಿನ ಥರ. ಗೆರೆಯ ಸೆಟ್ಟಿಂಗ್ಸಲ್ಲಿ ವಿಸಿಬಿಲಿಟಿ ಅಂತ ಟ್ಯಾಬ್ ಇದೆ. ಈ ಗೆರೆ ಯಾವ ಟೈಮ್‌ಫ್ರೇಮಲ್ಲಿ ಕಾಣ್ಬೇಕು ಅನ್ನೋದನ್ನ ಅಲ್ಲಿ ಟಿಕ್ ಮಾಡ್ಬಹುದು. ನನ್ನ ಪದ್ಧತಿ ಹೀಗೆ: ವಾರದ ಗೆರೆ ಕೆಳಗಿನ ಎಲ್ಲಾ ಚಾರ್ಟಲ್ಲೂ ಕಾಣಲಿ, ಐದು ನಿಮಿಷದ್ದು ಗಂಟೆ ಚಾರ್ಟಿಗೂ ಹತ್ತಬಾರದು. ಬಣ್ಣವೂ ಟೈಮ್‌ಫ್ರೇಮಿಗೊಂದು. ಬಣ್ಣ, ದಪ್ಪ ಎಲ್ಲ ಸೇರಿಸಿ ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ರೆ ಪ್ರತಿ ಸಲ ಒದ್ದಾಡೋದು ತಪ್ಪುತ್ತೆ. ಆಬ್ಜೆಕ್ಟ್ ಟ್ರೀ ತೆರೆದ್ರೆ ಚಾರ್ಟಲ್ಲಿರೋ ಎಲ್ಲವೂ ಪಟ್ಟಿಯಾಗಿ ಸಿಗುತ್ತೆ. ಮೊದಲ ಸಲ ತೆರೆದು ನೋಡಿ, ನಿಮಗೇ ನಾಚಿಕೆ ಆಗುತ್ತೆ!

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ: ಲಾಗ್ ಸ್ಕೇಲ್. ಒಂದು ಶೇರು ನಾಲ್ಕು ವರ್ಷದಲ್ಲಿ 100ರಿಂದ 400ಕ್ಕೆ ಬಂತು ಅಂದ್ಕೊಳ್ಳಿ. ಆ ಎರಡು ಬಿಂದು ಸೇರಿಸಿ ಗೆರೆ ಎಳೆಯಿರಿ. ಸಾಮಾನ್ಯ ಸ್ಕೇಲಲ್ಲಿ ಎರಡನೇ ವರ್ಷದ ಕೊನೆಗೆ ಆ ಗೆರೆ 250ರಲ್ಲಿ ಇರುತ್ತೆ, ಯಾಕಂದ್ರೆ ಅಲ್ಲಿ ವರ್ಷಕ್ಕೆ 75 ರೂಪಾಯಿ ಏರಿಕೆ. ಲಾಗ್ ಸ್ಕೇಲಲ್ಲಿ ಅದೇ ಗೆರೆ 200ರಲ್ಲಿ ಇರುತ್ತೆ, ಯಾಕಂದ್ರೆ ಅಲ್ಲಿ ಎರಡು ವರ್ಷಕ್ಕೆ ದುಪ್ಪಟ್ಟು ಅನ್ನೋ ಲೆಕ್ಕ. ಬಲಗಡೆಗೆ ಇನ್ನೂ ನಾಲ್ಕು ವರ್ಷ ಎಳೆದ್ರೆ ಒಂದು 700 ಅನ್ನುತ್ತೆ, ಇನ್ನೊಂದು 1,600 ಅನ್ನುತ್ತೆ. ಬಿಂದುಗಳು ಅವೇ, ಸ್ಕೇಲ್ ಮಾತ್ರ ಬೇರೆ. ಒಬ್ಬ "ಟ್ರೆಂಡ್ ಮುರಿದಿದೆ" ಅಂತಾನೆ, ಪಕ್ಕದವ "ಎಲ್ಲಿ ಮುರಿದಿದೆ" ಅಂತಾನೆ. ಇಬ್ಬರೂ ಜಗಳಕ್ಕೆ ಮುಂಚೆ ಸ್ಕೇಲ್ ನೋಡ್ಬೇಕು. ಕೆಲವು ವಾರಗಳ ಚಾರ್ಟಿಗೆ ಇದು ದೊಡ್ಡ ವ್ಯತ್ಯಾಸ ಮಾಡಲ್ಲ. ವರ್ಷಗಟ್ಟಲೆಯ ಚಾರ್ಟಿಗೆ ನಾನು ಲಾಗ್ ಮಾತ್ರ ಬಳಸ್ತೀನಿ, ಯಾವ ಸ್ಕೇಲಲ್ಲಿ ಎಳೆದೆ ಅನ್ನೋದನ್ನ ಗೆರೆಯ ಟೆಕ್ಸ್ಟ್ ಟ್ಯಾಬಲ್ಲೇ ಬರೆದಿಡ್ತೀನಿ.

ಬೋನಸ್, ಸ್ಪ್ಲಿಟ್ ಬಂದಾಗ್ಲೂ ಹುಷಾರು. 2024ರ ಅಕ್ಟೋಬರಲ್ಲಿ ರಿಲಯನ್ಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. 2,600ರ ಮೇಲಿದ್ದ ಬೆಲೆ 1,300ರ ಆಸುಪಾಸಿಗೆ ಬಂತು, ಹಳೇ ಕ್ಯಾಂಡಲ್‌ಗಳೂ ಅರ್ಧಕ್ಕೆ ಹೊಂದಿಕೊಂಡವು. ಆದ್ರೆ ನಾನು ಎಳೆದಿದ್ದ ಗೆರೆಗಳು ಹಳೇ ಬೆಲೆಗಳಲ್ಲೇ, ಆಕಾಶದಲ್ಲಿ ನೇತಾಡ್ತಿದ್ದವು. ಅವನ್ನ ತಳ್ಳಿ ಸರಿ ಮಾಡೋಕೆ ಹೋಗ್ಬೇಡಿ. ಅಳಿಸಿ ಹೊಸದಾಗಿ ಎಳೆಯಿರಿ.

ಇನ್ನೊಂದು ಮಾತು. ನಮ್ಮಲ್ಲಿ ಹಲವರು ಝೆರೋಧಾದ ಕೈಟ್ ಒಳಗೇ ಟ್ರೇಡಿಂಗ್‌ವ್ಯೂ ಚಾರ್ಟ್ ನೋಡೋರು. ಅಲ್ಲಿ ಎಳೆದ ಗೆರೆ ಟ್ರೇಡಿಂಗ್‌ವ್ಯೂ ಸೈಟಿನ ನಿಮ್ಮ ಖಾತೆಗೆ ಬರಲ್ಲ, ಎರಡೂ ಬೇರೆ ಬೇರೆ. ಒಂದು ಕಡೆ ಎಳೆಯಿರಿ, ಅಲ್ಲೇ ಇರಿ. ಹಾಗೇ ಗೆರೆಗೆ ಅಲರ್ಟ್ ಹಾಕೋದಾದ್ರೆ ಬಲಗಡೆಗೆ ಎಕ್ಸ್‌ಟೆಂಡ್ ಮಾಡಿ ಹಾಕಿ. ಗೆರೆ ಮುಗಿದ ಕಡೆಯಿಂದ ಮುಂದೆ ಬೆಲೆ ಎಲ್ಲಿ ದಾಟಿದ್ರೂ ಅಲರ್ಟ್ ಕೂಗಲ್ಲ.

ಕೊನೆಗೆ, ನನಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು. ಬೆಲೆ ಗೆರೆ ಮುರಿದಾಗ ನಾವೇನು ಮಾಡ್ತೀವಿ? ಗೆರೆಯನ್ನ ಒಂಚೂರು ಕೆಳಗೆ ಜರುಗಿಸ್ತೀವಿ. "ಆ ಲೋ ಬಿಟ್ಟು ಈ ಲೋ ತಗೊಂಡ್ರೆ ಟ್ರೆಂಡ್ ಇನ್ನೂ ಇದೆ" ಅಂತ. ಬಸ್ಸಲ್ಲಿ ಹೆಬ್ಬೆರಳು ತಿಳೀದೇ ಮಾಡಿದ್ದನ್ನ ನಾವು ಬೇಕಂತಲೇ ಮಾಡ್ತೀವಿ. ಎರಡು ಬಿಂದು ಸಿಕ್ಕಿದ್ರೆ ಯಾವ ಗೆರೆ ಬೇಕಾದ್ರೂ ಎಳೀಬಹುದು, ಮೂರನೇ ಸಲ ಬೆಲೆ ಅಲ್ಲಿಗೆ ಬಂದು ತಿರುಗಿದಾಗಲೇ ಅದಕ್ಕೊಂದು ಬೆಲೆ. ಅದಕ್ಕೆ ನಾನು ಹಳೇ ಗೆರೆ ಮುಟ್ಟಲ್ಲ. ಬೂದು ಬಣ್ಣ ಮಾಡಿ, "ಮುರಿದಿದೆ" ಅಂತ ತಾರೀಖು ಬರೆದು ಅಲ್ಲೇ ಬಿಡ್ತೀನಿ. ಹೊಸದು ಬೇಕಿದ್ರೆ ಪಕ್ಕದಲ್ಲಿ ಬೇರೆ ಎಳೀತೀನಿ. ಭಾನುವಾರ ಬೆಳಿಗ್ಗೆ ಕಾಫಿ ಜೊತೆ ಆಬ್ಜೆಕ್ಟ್ ಟ್ರೀ ತೆರೆದು, ಯಾಕೆ ಎಳೆದೆ ಅಂತ ಒಂದು ವಾಕ್ಯದಲ್ಲಿ ಹೇಳೋಕಾಗದ ಗೆರೆಗಳನ್ನೆಲ್ಲ ಅಳಿಸ್ತೀನಿ. ಹೋದ ಭಾನುವಾರ ನಿಫ್ಟಿ ಚಾರ್ಟಲ್ಲಿ 31 ಇದ್ದವು, 6 ಉಳಿದವು. ಅದರಲ್ಲಿ ಎರಡು ಬೂದು.